ಸ್ವಲ್ಪ ಝೂಮ್ ಹಾಕಿ ನೋಡೋ

ಊರು ಸುತ್ತುವವರಿಗೆ 18-200 ಮಿಲಿಮೀಟರಿನ ಝೂಮ್ ಲೆನ್ಸ್ ಒಂದಿದ್ದರೆ ಸಾಕು ಅಂತ ಕ್ಯಾಮೆರಾ ಬಲ್ಲವರು ಹೇಳುತ್ತಾರೆ. ಮಾತು ನಿಜ. 18ರಲ್ಲಿ ಇಡೀ ಬೆಟ್ಟದ ಸಾಲು ಬರುತ್ತದೆ. ಉಂಗುರ ತಿರುಗಿಸಿ 200ಕ್ಕೆ ತಂದರೆ ಅದೇ ಬೆಟ್ಟದ ತುದಿಯ ಗುಡಿ ಸಿಗುತ್ತದೆ. ದಾರಿಯಲ್ಲಿ ನಿಂತು ಲೆನ್ಸ್ ಬದಲಾಯಿಸುವ ರಗಳೆ ಇಲ್ಲ, ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂರುವ ಭಯ ಇಲ್ಲ. ತೂಕವೂ ಅರ್ಧ ಕೆಜಿ ಚಿಲ್ಲರೆ. ಆದರೆ ಇದನ್ನು ಕೊರಳಿಗೆ ಹಾಕಿಕೊಂಡು ನೆಂಟರ ಜೊತೆ ಹೊರಟರೆ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಹಂಪಿಗೆ ಟಿಟಿ ಮಾಡಿಕೊಂಡು ಹೋಗಿದ್ದೆವು. ದೊಡ್ಡಪ್ಪ, ದೊಡ್ಡಮ್ಮ, ಚಿಕ್ಕಪ್ಪ, ಅವರ ಮಕ್ಕಳು, ನಾನು, ನನ್ನ ಹೆಂಡತಿ. ಚಿತ್ರದುರ್ಗ ದಾಟುವಷ್ಟರಲ್ಲಿ ಚಿಕ್ಕಪ್ಪನ ಕಣ್ಣು ಲೆನ್ಸ್ ಮೇಲೆ ಬಿತ್ತು.

"ಇದು ಎಷ್ಟು ಎಕ್ಸ್?"

ಎಕ್ಸ್ ಅಂದರೆ ಝೂಮ್ ಎಷ್ಟು ಪಟ್ಟು ಅನ್ನುವ ಲೆಕ್ಕ. ಇನ್ನೂರನ್ನು ಹದಿನೆಂಟರಿಂದ ಭಾಗಿಸಿದೆ. "ಹನ್ನೊಂದು, ಚಿಕ್ಕಪ್ಪ."

"ಅಷ್ಟೇನಾ? ನನ್ನ ಫೋನಲ್ಲೇ ನೂರಿದೆಯಲ್ಲೋ!"

ಆ ನೂರರಲ್ಲಿ ಬಹುಪಾಲು ಫೋನು ತಾನೇ ಊಹೆ ಮಾಡಿ ತುಂಬಿದ್ದು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಡಿಯಲ್ಲಿದ್ದವರಿಗೆಲ್ಲ ನನ್ನ ಬಗ್ಗೆ ಪಾಪ ಅನ್ನಿಸಿಬಿಟ್ಟಿತ್ತು. ಎಷ್ಟು ಕೊಟ್ಟೆ ಅಂತ ಕೂಡ ಯಾರೂ ಕೇಳಲಿಲ್ಲ.

ಪಾಪ ಅಂದವರೇ ಹೊಸಪೇಟೆ ತಲುಪುವಷ್ಟರಲ್ಲಿ ನನ್ನನ್ನು ಪುಕ್ಕಟೆ ದುರ್ಬೀನು ಮಾಡಿಕೊಂಡರು. ಮುಂದಿನ ಹೋಟೆಲ್ ಬಾಗಿಲು ತೆಗೆದಿದೆಯಾ, ಸ್ವಲ್ಪ ಝೂಮ್ ಹಾಕಿ ನೋಡೋ. ಬೋರ್ಡಿನಲ್ಲಿ ಶುದ್ಧ ಸಸ್ಯಾಹಾರಿ ಅಂತ ಇದೆಯಾ, ನೋಡೋ. ಅಲ್ಲಿ ನಿಂತಿರೋನು ನಮ್ಮ ಡ್ರೈವರ್ರಾ, ನೋಡೋ.

ಮರುದಿನ ಕತ್ತಲಲ್ಲೇ ಮಾತಂಗ ಬೆಟ್ಟ ಹತ್ತಿದೆವು. ಮಂಡಿನೋವಿನ ದೊಡ್ಡಮ್ಮ, ಡ್ರೈವರ್ ಜೊತೆ ಕೆಳಗೆ ಬಜಾರಿನ ಕಲ್ಲುಮಂಟಪದಲ್ಲಿ ಕೂತರು. ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಮಾತಂಗ ಬೆಟ್ಟ ಇರುವುದು ಬಜಾರಿನ ಪೂರ್ವದ ತುದಿಗೆ. ಅಂದರೆ ನಮ್ಮ ಬೆನ್ನ ಹಿಂದೆ ಹುಟ್ಟುವ ಸೂರ್ಯನ ಮೊದಲ ಬಿಸಿಲು ನೇರ ಹೋಗಿ ಗೋಪುರಕ್ಕೆ ಬೀಳುತ್ತದೆ. ಆ ಕೆಂಪು ಹೆಚ್ಚು ಹೊತ್ತು ಇರುವುದಿಲ್ಲ.

ಲ್ಯಾಂಡ್‌ಸ್ಕೇಪ್ ಅಂದರೆ 18ರಲ್ಲೇ ತೆಗೆಯಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮಾತಂಗದ ಮೇಲೆ 18ರಲ್ಲಿ ತೆಗೆದರೆ ಆಕಾಶ, ಬಂಡೆ ಎಲ್ಲಾ ಬರುತ್ತದೆ, ಗೋಪುರ ಎಲ್ಲಿ ಅಂತ ಹುಡುಕಬೇಕು. 135ರ ಸುತ್ತಮುತ್ತ ಇಟ್ಟರೆ ಹಿಂದಿನ ಗುಡ್ಡಗಳು ಮುಂದೆ ಬಂದು ಗೋಪುರಕ್ಕೆ ಒರಗಿ ನಿಲ್ಲುತ್ತವೆ. ತೊಂದರೆ ಏನಂದರೆ ಬೆಳಕು. ನನ್ನ ಕ್ಯಾಮೆರಾದಲ್ಲಿ 200ಕ್ಕೆ ಎಳೆದರೆ ಕೈ ಅಲುಗಿದ್ದು ಗೊತ್ತಾಗದಿರಲು ಶಟರ್ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಅಷ್ಟರಲ್ಲಿ ಒಳಗೆ ಬರುವ ಬೆಳಕು ಕಮ್ಮಿ. ಈ ಲೆನ್ಸೋ, ಆ ತುದಿಯಲ್ಲಿ ಎಫ್ 5.6ಕ್ಕಿಂತ ಜಾಸ್ತಿ ಕಣ್ಣು ಬಿಡುವುದಿಲ್ಲ. ಕಮ್ಮಿ ಬೆಳಕಿಗೂ ಸೆನ್ಸರ್ ಚುರುಕಾಗಲಿ ಅಂತ ಐಎಸ್‌ಒ ಏರಿಸಿದೆ. ಮೊಣಕೈ ಬಂಡೆಗೆ ಊರಿದೆ. ಉಸಿರು ಹಿಡಿದೆ.

"ಲೋ, ನಿಮ್ಮ ದೊಡ್ಡಮ್ಮ ಏನ್ ಮಾಡ್ತಿದಾಳೆ, ಸ್ವಲ್ಪ ನೋಡೋ."

ದೊಡ್ಡಪ್ಪ. ಮೇಷ್ಟರಾಗಿ ರಿಟೈರ್ ಆದವರು, ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಲೆನ್ಸನ್ನು ಕೆಳಗಿನ ಮಂಟಪಕ್ಕೆ ತಿರುಗಿಸಿದೆ. 200ರಲ್ಲೂ ದೊಡ್ಡಮ್ಮ ಅಂದರೆ ಒಂದಿಷ್ಟು ನೀಲಿ ಸೀರೆ. ಒಂದು ಫೋಟೋ ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡಿದೆ.

"ಕೂತಿದಾರೆ. ಕೈಯಲ್ಲೇನೋ ಹಳದಿ ಇದೆ."

"ಹಳದಿನಾ? ಬಾಳೆಹಣ್ಣು! ಶುಗರ್ ಇನ್ನೂರೈವತ್ತಿದೆ ಅವಳಿಗೆ!"

ಹಳದಿ ಅಂದರೆ ಮಿರ್ಚಿಯೂ ಇರಬಹುದು ಅಂತ ಚಿಕ್ಕಪ್ಪ ಅತ್ತಿಗೆಯ ಪರ ವಕಾಲತ್ತು ಮಾಡಿದರು. ಬೆಳಗ್ಗೆ ಆರೂಕಾಲಿಗೆ ಯಾವನು ಮಿರ್ಚಿ ಕರೀತಾನೆ ಅಂತ ದೊಡ್ಡಪ್ಪ. ಸುತ್ತಲೂ ಬಾಳೆ ತೋಟ ಇರುವ ಊರು, ವಾದ ಅವರದೇ ಗಟ್ಟಿ. ಫೋನ್ ಹಚ್ಚಿಯೇಬಿಟ್ಟರು. "ಹಲೋ, ಕೈಯಲ್ಲೇನದು?" ನಾನು ಇತ್ತ ಕ್ಯಾಮೆರಾದಲ್ಲಿ ನೋಡುತ್ತಿದ್ದೆ. ನೀಲಿ ಸೀರೆ ದಡಬಡನೆ ಎದ್ದಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಹಳದಿ ಮಾಯ. ದೊಡ್ಡಪ್ಪನ ಫೋನಿನಿಂದ ದೊಡ್ಡಮ್ಮನ ದನಿ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಬಂತು: "ಏನಿಲ್ಲಾರೀ, ಸುಮ್ನೆ ಕೂತಿದೀನಿ!"

ತಲೆಯೆತ್ತಿ ನೋಡಿದರೆ ಗೋಪುರದ ಮೇಲೆ ಬೆಳ್ಳನೆಯ ಬಿಸಿಲು. ಕೆಂಪು ಬಂದು ಹೋಗಿತ್ತು.

ಇಳಿದು ದರ್ಶನಕ್ಕೆ ನಿಂತೆವು. ಈ ಜಾತಿಯ ಲೆನ್ಸಿಗೆ ಇನ್ನೊಂದು ಚಾಳಿ ಇದೆ. ಕೆಳಮುಖವಾಗಿ ನೇತಾಡಿದರೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಉದ್ದವಾಗುತ್ತದೆ. ತಡೆಯಲು ಪಕ್ಕದಲ್ಲಿ ಒಂದು ಲಾಕ್ ಇದೆ, ಅದು ಸಡಿಲವಾಗಿ ಬಹಳ ಕಾಲವಾಯಿತು. ಕ್ಯೂ ಮುಂದೆ ಸರಿದಂತೆ ಹೊಟ್ಟೆಯ ಮೇಲಿನ ಲೆನ್ಸು ನನಗೇ ಗೊತ್ತಿಲ್ಲದೆ ಬೆಳೆದು, ಮುಂದೆ ನಿಂತಿದ್ದ ಹಿರಿಯರ ಸೊಂಟಕ್ಕೆ ತಿವಿಯಿತು. ಅವರು ತಿರುಗಿ ನೋಡಿ, "ಮುಂದೆ ಜಾಗ ಇಲ್ರೀ, ಹ್ಯಾಂಗ್ ಹೋಗ್ಲಿ?" ಅಂದರು. ಒಳಕ್ಕೆ ತಳ್ಳಿಕೊಂಡೆ. ಮತ್ತೆ ಬೆಳೆಯಿತು. ಎರಡನೇ ಸಲ ಅವರು ಏನೂ ಅನ್ನದೆ ಪಕ್ಕಕ್ಕೆ ಸರಿದು, ನನ್ನನ್ನೇ ಮುಂದೆ ಬಿಟ್ಟರು. ಈ ಲೆನ್ಸಿನಿಂದ ಆದ ಲಾಭಗಳಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಅದೇ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಸಣ್ಣ ಕಿಂಡಿಯಿಂದ ಬೆಳಕು ನುಗ್ಗಿ, ಎದುರು ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಮೂಡುತ್ತದೆ. ಲೆನ್ಸಿಲ್ಲ, ಬ್ಯಾಟರಿಯಿಲ್ಲ. ಚಿಕ್ಕಪ್ಪ ಗೋಡೆ ನೋಡಿದರು, ನನ್ನ ಕೊರಳು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ವಿಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಹೊಸ ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುವುದು ಈಗ ಎಲ್ಲರ ಹುಚ್ಚು. ನೋಟಿನ ರಥ, ನಿಜವಾದ ರಥ ಅಕ್ಕಪಕ್ಕ ಬರಬೇಕು. ಚಿಕ್ಕಪ್ಪನ ಮಗ ನೋಟನ್ನು ಲೆನ್ಸಿನ ಮೂಗಿಗೇ ಹಿಡಿದ. ನನ್ನ ಲೆನ್ಸಿಗೆ ನಲವತ್ತು ದಾಟಿದವರ ಚಾಳೀಸು: ಅರ್ಧ ಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. "ಹಿಂದೆ ಹೋಗೋ" ಅಂದೆ. ಹೋದ. ನೋಟು ತೀರಾ ಚಿಕ್ಕದಾಯಿತು. ಝೂಮ್ ಮಾಡಿದೆ. ನೋಟು ದೊಡ್ಡದಾಯಿತು, ಹಿಂದಿನ ರಥ ಕರಗಿ ಕಂದು ಮುದ್ದೆಯಾಯಿತು. ಚಿಕ್ಕಪ್ಪ ಫೋನ್ ತೆಗೆದು ಒಂದೇ ಸಲಕ್ಕೆ ಹೊಡೆದರು. ಎರಡೂ ರಥ ಸ್ಪಷ್ಟ. "ಎಕ್ಸ್ ಜಾಸ್ತಿ ಇರ್ಬೇಕು ಕಣೋ" ಅಂದರು. ಅದಕ್ಕೂ ಎಕ್ಸಿಗೂ ಸಂಬಂಧವಿಲ್ಲ ಅಂತ ಬಿಡಿಸಿ ಹೇಳಲು ಬಿಸಿಲು ಬಿಡಲಿಲ್ಲ.

ವಾಪಸು ಬರುವಾಗ ನದಿಯಾಚೆ ಅಂಜನಾದ್ರಿ ಕಾಣಿಸಿತು. ತುದಿಯಲ್ಲಿ ಬೆಳ್ಳಗೆ ಆಂಜನೇಯನ ಗುಡಿ. ಐನೂರಕ್ಕೂ ಹೆಚ್ಚು ಮೆಟ್ಟಿಲು ಅಂತ ಕೇಳಿದ್ದೇ ತಡ, ದೊಡ್ಡಮ್ಮ ಮಂಡಿ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಇಲ್ಲಿಂದ್ಲೇ ಸ್ವಲ್ಪ ಝೂಮ್ ಹಾಕೋ. ಕೈ ಮುಗೀತೀನಿ."

200ಕ್ಕೆ ಎಳೆದು ಪರದೆಯಲ್ಲಿ ತೋರಿಸಿದೆ. ಗುಡಿ, ಅದರ ಮೇಲೆ ಬಾವುಟ. ದೊಡ್ಡಮ್ಮ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕ್ಯಾಮೆರಾಕ್ಕೆ ಕೈ ಮುಗಿದರು. ದೊಡ್ಡಪ್ಪನೂ ಮುಗಿದರು. ಚಿಕ್ಕಪ್ಪ ಕೂಡ ನೂರು ಎಕ್ಸನ್ನು ಜೇಬಿಗಿಳಿಸಿ ಮುಗಿದರು. ಕೈ ಸೋತು ಇನ್ನೇನು ಕ್ಯಾಮೆರಾ ಇಳಿಸಬೇಕು, ಹೆಂಡತಿ ಮೊಣಕೈಯಲ್ಲಿ ತಿವಿದು, "ರೀ, ಹಾಗೇ ಹಿಡ್ಕೊಳ್ಳಿ" ಅಂದಳು. ಹಿಂದೆ ಯಾರೋ ಗುರುತಿಲ್ಲದ ಕುಟುಂಬವೊಂದು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿತ್ತು.