ರೀಸೆಟ್‌ಗೆ ಅವಸರ ಬೇಡ
ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ನ ಪಾಸ್‌ವರ್ಡ್ ಕಳೆದುಹೋದರೆ ಫ್ಯಾಕ್ಟರಿ ರೀಸೆಟ್ ಮಾಡಿ ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ಕೊನೆಯ ದಾರಿ ಅನ್ನಿ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಸಿಸ್ಕೋ ಎಎಸ್‌ಎ ಫೈರ್‌ವಾಲ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು, ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಧಾರವಾಡ ಬ್ರ್ಯಾಂಚಿನ ವಿಪಿಎನ್ (ಇಂಟರ್ನೆಟ್ ಮೇಲಿನ ಸುರಕ್ಷಿತ ಸಂಪರ್ಕ) ಸೆಟ್ಟಿಂಗ್ ಅದರಲ್ಲೇ ಇತ್ತು. ರೀಸೆಟ್ ಮಾಡಿದ್ದರೆ ಎಲ್ಲಾ ಹೋಗುತ್ತಿತ್ತು, ಅಲ್ವಾ?

ಅದರ ಬದಲು ಕಂಪ್ಯೂಟರ್‌ನಿಂದ ಫೈರ್‌ವಾಲ್‌ಗೆ ಕನ್ಸೋಲ್ ಕೇಬಲ್ ಹಾಕಿ, ವೇಗ 9600 ಬಾಡ್‌ಗೆ ಇಟ್ಟು, ಫೈರ್‌ವಾಲ್ ಪವರ್ ಆಫ್ ಮಾಡಿ ಆನ್ ಮಾಡಿದೆವು. ಬೂಟ್ ಆಗುವಾಗ ಎಸ್ಕೇಪ್ ಒತ್ತಿದರೆ ರಾಮ್‌ಮಾನ್ (ಮುಖ್ಯ ಸಾಫ್ಟ್‌ವೇರ್ ಏಳುವ ಮೊದಲಿನ ಕಮಾಂಡ್ ಪರದೆ) ಬರುತ್ತದೆ. ಅಲ್ಲಿ ರಿಜಿಸ್ಟರ್ (ಹೇಗೆ ಬೂಟ್ ಆಗಬೇಕು ಅಂತ ಹೇಳುವ ಸಂಖ್ಯೆ) ಬದಲಿಸಿದರೆ ಉಳಿಸಿಟ್ಟ ಕಾನ್ಫಿಗರೇಷನ್ ಓದದೆ ಏಳುತ್ತದೆ, ಎನೇಬಲ್ ಪಾಸ್‌ವರ್ಡ್ (ಸೆಟ್ಟಿಂಗ್ ಬದಲಿಸಲು ಬೇಕಾದದ್ದು) ಖಾಲಿ ಇರುತ್ತದೆ. ಆಮೇಲೆ ಹಳೆಯ ಕಾನ್ಫಿಗರೇಷನ್ ಲೋಡ್ ಮಾಡಿ, ಹೊಸ ಪಾಸ್‌ವರ್ಡ್ ಕೊಟ್ಟು, ರಿಜಿಸ್ಟರ್ ಮೊದಲಿನಂತೆ ಮಾಡಿ ಸೇವ್ ಮಾಡಿದೆವು. ಆದರೆ ಪಾಸ್‌ವರ್ಡ್ ರಿಕವರಿ ಮೊದಲೇ ಬಂದ್ ಮಾಡಿಟ್ಟಿದ್ದರೆ, ರಾಮ್‌ಮಾನ್‌ಗೆ ಹೋಗುವಾಗ ಫ್ಲ್ಯಾಶ್ (ಕಾನ್ಫಿಗರೇಷನ್, ಸಾಫ್ಟ್‌ವೇರ್ ಇರುವ ಮೆಮೊರಿ) ಪೂರ್ತಿ ಅಳಿಸಲೇ ಎಂದು ಕೇಳುತ್ತದೆ. ಸುಮ್ನೆ ಹೂಂ ಅನ್ನಬೇಡಿ.