ಅದು ಈರುಳ್ಳಿ ಅಲ್ಲಮ್ಮ

ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಅಮ್ಮ ಹುಳಿಗೆ ಹೆಚ್ಚೋಕೆ ಅಂತ ನನ್ನ ಹಯಸಿಂತ್ ಗೆಡ್ಡೆಗಳನ್ನು ಮುಂದಿಟ್ಟುಕೊಂಡು ಕೂತಿದ್ದಾಳೆ. ಒಂದರ ಸಿಪ್ಪೆ ಆಗಲೇ ಅರ್ಧ ಸುಲಿದಾಗಿತ್ತು. ಅವಳ ತಪ್ಪೂ ಇಲ್ಲ ಬಿಡಿ. ನೇರಳೆ ಹೂವಿನ ಗೆಡ್ಡೆಗೆ ಸಿಪ್ಪೆಯೂ ನೇರಳೆ, ಥೇಟ್ ಈರುಳ್ಳಿ, ಸಾಲದ್ದಕ್ಕೆ ಫ್ರಿಜ್‌ನಲ್ಲಿ ತರಕಾರಿ ಇಡುವ ಜಾಗದಲ್ಲೇ ಇಟ್ಟಿದ್ದೆ. "ಅದು ಈರುಳ್ಳಿ ಅಲ್ಲಮ್ಮ, ಹೂವಿನ ಗೆಡ್ಡೆ, ವಿಷ" ಅಂದೆ. "ಅದಕ್ಕೇ ಕೈ ಕಡೀತಿದೆ" ಅಂದಳು. ಸುವರ್ಣಗೆಡ್ಡೆ ಹೆಚ್ಚಿದಾಗ ಆಗುವ ಕಡಿತವೇ ಇದು. ಎರಡರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ. ಸುವರ್ಣಗೆಡ್ಡೆಯನ್ನಾದರೂ ಹುಣಸೆಹಣ್ಣು ಹಾಕಿ ಬೇಯಿಸಿ ತಿನ್ನಬಹುದು, ಇದನ್ನು ಏನು ಮಾಡಿದರೂ ತಿನ್ನುವ ಹಾಗಿಲ್ಲ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ. ಇಲ್ಲಿನ ನಮ್ಮ ಕನ್ನಡದವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇದೆ. ಮಲ್ಲಿಗೆ ಗಿಡದ ಹಟ ಬಿಡಿ. ಪ್ರತಿ ಅಕ್ಟೋಬರ್‌ನಲ್ಲೂ ಅದೇ ಗೋಳು. ಕುಂಡ ಒಳಗೆ ತರುವುದು, ಹೀಟರ್‌ನ ಒಣ ಗಾಳಿಗೆ ಎಲೆ ಹಳದಿಯಾಗುವುದು, ಕೆಂಪು ನುಸಿ ಬಂದು ಬಲೆ ಕಟ್ಟುವುದು, ಅದಕ್ಕೊಂದು ವಿಶೇಷ ದೀಪ ತರಿಸುವುದು, ಕೊನೆಗೆ ಫೆಬ್ರವರಿಯಲ್ಲಿ ಬರೀ ಕಡ್ಡಿ. ನಾನೇ ನಾಲ್ಕು ವರ್ಷ ಇದನ್ನು ಮಾಡಿದ್ದೇನೆ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ನಾಲ್ಕೂವರೆಗೆಲ್ಲ ಕತ್ತಲು. ಬಿಸಿಲು ಬೇಡುವ ಗಿಡವನ್ನು ಇಲ್ಲಿ ಕಿಟಕಿ ಹತ್ತಿರ ಕೂರಿಸಿ ಸುಮ್ನೆ ಯಾಕೆ ಗೋಳಾಡಿಸಬೇಕು?

ಇಲ್ಲಿಯವರ ದಾರಿ ಬೇರೆ. ನಾವು ಬೈಯುವ ಚಳಿ, ಕತ್ತಲೆ ಎರಡೂ ಬೇಕು ಅನ್ನುವ ಹೂವನ್ನೇ ಇವರು ಹಿಡಿದಿದ್ದಾರೆ. ಹಯಸಿಂತ್ ಗೆಡ್ಡೆಗೆ ಹತ್ತು ಹನ್ನೆರಡು ವಾರ ಒಂಬತ್ತು ಡಿಗ್ರಿಗಿಂತ ಕಡಿಮೆ ಚಳಿ ಸಿಗಬೇಕು, ಇಲ್ಲದಿದ್ದರೆ ಹೂವಿನ ದಂಟು ಮೇಲೇಳುವುದೇ ಇಲ್ಲ. ಸೊಂಟ ಸಣ್ಣಗಿರುವ ಒಂದು ಗಾಜಿನ ಲೋಟ ಬರುತ್ತದೆ. ಅದರ ಬಾಯಲ್ಲಿ ಗೆಡ್ಡೆ ಕೂರಿಸಿ, ಗೆಡ್ಡೆಯ ಬುಡಕ್ಕೆ ನೀರು ತಾಗದಂತೆ ಕೂದಲೆಳೆಯಷ್ಟು ಕೆಳಗೆ ನೀರು ತುಂಬಿ, ಸೈಕಲ್ ಶೆಡ್‌ನ ಕತ್ತಲೆಯಲ್ಲಿ ಇಟ್ಟುಬಿಡಬೇಕು. ನೀರು ತಾಗಿದರೆ ಕೊಳೆಯುತ್ತದೆ. ಬಿಳೀ ಬೇರು ಶಾವಿಗೆ ಹಾಗೆ ಇಳಿದು ಲೋಟ ತುಂಬುತ್ತದೆ. ಮೊಳಕೆ ನಾಲ್ಕೈದು ಸೆಂಟಿಮೀಟರ್ ಆದ ಮೇಲೆ ಒಳಗೆ ತರುವುದು. ಕೆಲವರು ಅದಕ್ಕೆ ಇನ್ನೂ ಸ್ವಲ್ಪ ದಿನ ಕಾಗದದ ಟೊಪ್ಪಿಗೆ ಹಾಕುತ್ತಾರೆ, ನಮ್ಮ ಕಡಲೆಕಾಯಿ ಪೊಟ್ಟಣದ ಹಾಗೆ. ಕ್ರಿಸ್‌ಮಸ್ ಹೊತ್ತಿಗೇ ಹೂವು ಬೇಕು ಅನ್ನುವವರಿಗೆ ಬೇಸಿಗೆಯಲ್ಲೇ ಗೋದಾಮಿನಲ್ಲಿ ಬಿಸಿ ಕೊಟ್ಟು ತಯಾರು ಮಾಡಿದ ಗೆಡ್ಡೆ ಸಿಗುತ್ತದೆ. ಹೂವು ಅದರೊಳಗೆ ಆಗಲೇ ಕೂತಿರುತ್ತದೆ, ನಾವು ಎಬ್ಬಿಸುವುದಷ್ಟೇ.

ಮೊದಲ ವರ್ಷ ನನಗೆ ಇದೂ ಕೈಕೊಟ್ಟಿತ್ತು. ಶೆಡ್ ಯಾಕೆ, ಫ್ರಿಜ್ ಇದೆಯಲ್ಲ ಅಂತ ಸೇಬಿನ ಪಕ್ಕದಲ್ಲಿ ಇಟ್ಟಿದ್ದೆ. ಸೇಬು ಮಾಗುವಾಗ ಬಿಡುವ ಎಥಿಲೀನ್ ಅನ್ನುವ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದಂತೆ. ಜನವರಿಯಲ್ಲಿ ಬಂದದ್ದು ಬರೀ ಎಲೆ. ಹಾಗಾಗಿ ಹೋದ ಸಲ ನಾಲ್ಕು ಗೆಡ್ಡೆ ಶೆಡ್‌ನಲ್ಲಿ, ಮೂರು ಸೇಬಿಲ್ಲದ ಫ್ರಿಜ್‌ನಲ್ಲಿ. ಅಮ್ಮನ ಕೈಗೆ ಸಿಕ್ಕಿದ್ದು ಆ ಮೂರು.

ಗೆಡ್ಡೆ ಹೂವು ನಮಗೇನೂ ಹೊಸದಲ್ಲ, ಅಲ್ವಾ? ಸುಗಂಧರಾಜವೂ ಗೆಡ್ಡೆಯೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಪ್ರಜ್ವಲ್ ಅಂತ ತಳಿಗಳನ್ನೇ ಮಾಡಿದ್ದಾರೆ. ಅದು ನಮ್ಮದು, ಇದು ಇವರದು ಅಂತ ಜಗಳಕ್ಕೆ ಇಳಿಯೋಣ ಅಂದರೆ ಸುಗಂಧರಾಜದ ತವರು ಮೆಕ್ಸಿಕೊ, ಹಯಸಿಂತ್‌ದು ಟರ್ಕಿ, ಸಿರಿಯಾ ಕಡೆ. ವ್ಯತ್ಯಾಸ ಇರುವುದು ಹೂವನ್ನು ನೋಡುವ ರೀತಿಯಲ್ಲಿ. ನಮ್ಮಲ್ಲಿ ಹೂವೇ ಬೆಳೆ. ಮೊಳದ ಲೆಕ್ಕದಲ್ಲಿ ಕೊಂಡು, ಮುಡಿದು, ದೇವರಿಗೆ ಏರಿಸಿ, ಸಂಜೆಗೆ ಬಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿ ಗೆಡ್ಡೆಯೇ ಬೆಳೆ. ಏಪ್ರಿಲ್‌ನಲ್ಲಿ ಲಿಸ್ಸೆ ಕಡೆ ಸೈಕಲ್‌ನಲ್ಲಿ ಹೋದರೆ ನೋಡಬಹುದು, ಗೆಡ್ಡೆ ದಪ್ಪ ಆಗಲಿ ಅಂತ ಟ್ಯುಲಿಪ್ ಹೂವಿನ ತಲೆಯನ್ನೆಲ್ಲ ಯಂತ್ರದಲ್ಲಿ ಕತ್ತರಿಸಿ ಹೊಲದಲ್ಲೇ ಬಿಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಹಯಸಿಂತ್‌ಗೆ ಸ್ವಲ್ಪ ಅದೃಷ್ಟ ಜಾಸ್ತಿ, ಅದರ ಹೂವು ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ಗೆ ಹೋಗುವ ಹೂವಿನ ಮೆರವಣಿಗೆಯ ಗಾಡಿಗಳಿಗೆ ಹೋಗುತ್ತದೆ.

ಶೆಡ್‌ನ ಗೆಡ್ಡೆಗಳು ಜನವರಿ ಮೊದಲ ವಾರ ಅರಳಿದವು. ಒಂದೇ ದಂಟು ಸಾಕು, ಮನೆಯೆಲ್ಲ ಘಮ. ಅಮ್ಮ ಮೂಸಿ, "ಸುಗಂಧರಾಜಕ್ಕೆ ಸಂಪಿಗೆ ಬೆರೆಸಿದ ಹಾಗಿದೆ" ಅಂದಳು. ಅದಕ್ಕೂ ಮೊದಲು ಬೆಣಚುಕಲ್ಲು ತುಂಬಿದ ಬಟ್ಟಲಲ್ಲಿ ಪೇಪರ್‌ವೈಟ್ ಅಂತ ಬಿಳಿ ನಾರ್ಸಿಸಸ್ ಬೆಳೆಸಿದ್ದೆ, ಅದಕ್ಕೆ ಚಳಿಯ ಹಂಗೂ ಇಲ್ಲ, ಆರು ವಾರದಲ್ಲಿ ಹೂವು. ಮಲ್ಲಿಗೆಯಲ್ಲಿರುವ ಇಂಡೋಲ್ ಅನ್ನುವ ಪರಿಮಳದ ಅಂಶ ಅದರಲ್ಲೂ ಇದೆ, ಆದರೂ ಅಮ್ಮನಿಗೆ ಅದು ನಾತ. ಬಟ್ಟಲನ್ನು ಬಚ್ಚಲುಮನೆಗೆ ಸಾಗಿಸಿದಳು. ಅದು ಉದ್ದ ಬೆಳೆದು ಬೀಳದೆ ಇರಲು ನೀರಿಗೆ ನೂರಕ್ಕೆ ಐದರಷ್ಟು ಆಲ್ಕೋಹಾಲ್ ಬೆರೆಸಬೇಕು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕಂಡುಹಿಡಿದದ್ದು. ನಾನು ಜಿನ್ ಅಳೆದು ಹಾಕುವುದನ್ನು ನೋಡಿ, "ಗಿಡಕ್ಕೂ ಕುಡಿಸ್ತೀಯೇನೋ?" ಅಂತ ಬೈದಿದ್ದಳು.

ಸಂಕ್ರಾಂತಿ ದಿನ ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯಲ್ಲಿ ಒಂದು ದಂಟು ಬೋಳು. ಅಮ್ಮ ಒಂದೊಂದೇ ಹೂ ಬಿಡಿಸಿ ತಟ್ಟೆಯಲ್ಲಿ ಹರಡಿದ್ದಳು, ಮೂವತ್ತನಾಲ್ಕು. ಎಸಳು ಮೇಣ ಸವರಿದ ಹಾಗೆ ದಪ್ಪ, ತುದಿ ಹಿಂದಕ್ಕೆ ಸುರುಳಿ. ಕಟ್ಟೋಣ ಅಂದರೆ ತೊಟ್ಟು ಸಾಲದು. ಅದಕ್ಕೇ ಗುಂಡಿ ಹೊಲಿಯುವ ಸೂಜಿ ದಾರದಲ್ಲಿ ಪೋಣಿಸಿದಳು. ಗಣಪತಿ ಪಟಕ್ಕೆ ಸರಿಯಾಗಿ ಒಂದು ಮಾಲೆ. ಎಳ್ಳು ಬೆಲ್ಲ ತೆಗೆದುಕೊಳ್ಳಲು ಬಂದ ಪಕ್ಕದ ಮನೆಯ ಡಚ್ ಹೆಂಗಸು ಮಾಲೆ ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಮೂರು ತಿಂಗಳು ಕಾದ ಹೂವನ್ನು ಕೀಳುವುದಾ ಅಂತ! ಹೊಲಗಟ್ಟಲೆ ಹೂವಿನ ತಲೆ ಕತ್ತರಿಸುವ ಊರಿನವರು. ನಾನೇನೂ ಹೇಳಲಿಲ್ಲ. ಎಳ್ಳು ಕೊಟ್ಟು ಕಳಿಸಿದೆ.

ಅವರು ಹೋಗುವಾಗ, ಹೂವು ಮುಗಿದ ಮೇಲೆ ಗೆಡ್ಡೆಯನ್ನು ಹಸಿಕಸದ ಡಬ್ಬಿಗೆ ಹಾಕಿ, ನೀರಿನಲ್ಲಿ ಬೆಳೆಸಿದ್ದಕ್ಕೆ ಮತ್ತೆ ಶಕ್ತಿ ಇರುವುದಿಲ್ಲ ಅಂದರು. ಅದು ನಿಜವೂ ಹೌದು. ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. "ಗೆಡ್ಡೆ ಯಾರಾದರೂ ಎಸೀತಾರಾ?" ಅಂತ, ತೊಂಬತ್ತು ದಿನದ ವೀಸಾ ಮುಗಿಯುವ ಹಿಂದಿನ ದಿನ, ನಾಲ್ಕನ್ನೂ ಬಾಲ್ಕನಿಯ ಕುಂಡದಲ್ಲಿ ನೆಟ್ಟಳು, ಹೋದ ವರ್ಷ ಮಲ್ಲಿಗೆ ಸತ್ತ ಕುಂಡದಲ್ಲೇ. ಈಗ ಭಾನುವಾರದ ಫೋನಿನಲ್ಲಿ ನನ್ನ ಊಟ ವಿಚಾರಿಸುವ ಮೊದಲು ಅದನ್ನು ಕೇಳುತ್ತಾಳೆ. ಎಲೆ ಮೇ ತಿಂಗಳಲ್ಲೇ ಒಣಗಿದೆ. ಒಳಗೆ ಗೆಡ್ಡೆ ಇದೆಯೋ ಕೊಳೆತಿದೆಯೋ, ನಾನು ಕೆದಕಿ ನೋಡಿಲ್ಲ. "ಮಲಗಿದೆ ಅಮ್ಮ" ಅನ್ನುತ್ತೇನೆ.