ಸಕ್ಕರೆಯ ಅಂಗಿ

ಒಗೆಯಲು ಹಾಕುವ ಮುಂಚೆ ಅಂಗಿಯ ಜೇಬು ತಡಕುವುದು ನನ್ನ ಅಭ್ಯಾಸ. ಮರೆತ ನೋಟು ಸಿಕ್ಕೀತೆಂಬ ಆಸೆ. ಮೊನ್ನೆ ಏನೂ ಸಿಗಲಿಲ್ಲ. ಸುಮ್ನೆ ಅಂಗಿಯನ್ನೇ ನೋಡುತ್ತಾ ಕೂತೆ. ಹತ್ತಿಯ ಬಟ್ಟೆ, ಕಾಲರಿಗೆ ಅಂಟಿದ ಒಂದು ಕೂದಲು, ಕತ್ತಿನ ಸುತ್ತ ಜಿಡ್ಡಿನ ಗೆರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಜೀವದ ದೊಡ್ಡ ಅಣುಗಳೆಲ್ಲ ಇಲ್ಲೇ ಇವೆಯಲ್ಲ ಅನಿಸಿತು.

ಮೊದಲು ಬಟ್ಟೆ. ಹತ್ತಿಯ ಎಳೆ ಹೆಚ್ಚೂಕಡಿಮೆ ಪೂರ್ತಿ ಸೆಲ್ಯುಲೋಸ್. ಗ್ಲೂಕೋಸ್ ಮಣಿಗಳನ್ನು ಸಾವಿರಗಟ್ಟಲೆ ಪೋಣಿಸಿದ ಸರ ಅದು. ಅಂದರೆ ನಾನು ದಿನವಿಡೀ ಸಕ್ಕರೆ ತೊಟ್ಟುಕೊಂಡು ಓಡಾಡುತ್ತೇನೆ! ಮತ್ತೆ ಇರುವೆ ಯಾಕೆ ಮುತ್ತುವುದಿಲ್ಲ? ಪಿಷ್ಟವೂ ಗ್ಲೂಕೋಸಿನ ಸರವೇ. ಅದನ್ನು ಸ್ವಲ್ಪ ಹೊತ್ತು ಅಗಿದರೆ ಎಂಜಲು ಕತ್ತರಿಸಲು ಶುರುಮಾಡಿ ಬಾಯಿ ಸಿಹಿಯಾಗುತ್ತದೆ. ಅಂಗಿಯ ತೋಳನ್ನು ಎಷ್ಟು ಅಗಿದರೂ ಸಪ್ಪೆ. (ಚಿಕ್ಕಂದಿನಲ್ಲಿ ಅಗಿದವನ ಅನುಭವದ ಮಾತು.) ವ್ಯತ್ಯಾಸ ಇರುವುದು ಗಂಟಿನಲ್ಲಿ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಮುಖವಾಗಿ ಕೂತಿವೆ. ಸೆಲ್ಯುಲೋಸಿನಲ್ಲಿ ಒಂದು ನೆಟ್ಟಗಿದ್ದರೆ ಮುಂದಿನದು ತಲೆಕೆಳಗು. ಅಷ್ಟಕ್ಕೇ ಸರ ಉದ್ದಕ್ಕೆ ಚಾಚಿಕೊಂಡು, ಪಕ್ಕದ ಸರಕ್ಕೆ ಅಂಟಿ, ಬಿಗಿಯಾದ ನಾರಾಗುತ್ತದೆ. ಅದನ್ನು ಬಿಡಿಸುವ ಕತ್ತರಿ ನಮ್ಮ ಹೊಟ್ಟೆಯಲ್ಲಿಲ್ಲ. ಹಸುವಿಗೂ ಸ್ವಂತದ್ದಿಲ್ಲ, ಅದರ ಹೊಟ್ಟೆಯಲ್ಲಿ ಬಾಡಿಗೆಗಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ನಮ್ಮ ಮೈ ತನಗೆ ಬೇಕಾದ ಗ್ಲೂಕೋಸನ್ನು ಗ್ಲೈಕೋಜೆನ್ ಎಂಬ ಸರವಾಗಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಇಟ್ಟುಕೊಳ್ಳುತ್ತದೆ. ಕೈಖರ್ಚಿನ ಕಾಸಿನ ಹಾಗೆ ಅದು, ಬೇಗ ಕೈಗೆ ಸಿಗುತ್ತದೆ, ಬೇಗ ಮುಗಿಯುತ್ತದೆ.

ಇನ್ನು ಕೂದಲು. ಇದು ಕೆರಾಟಿನ್ ಎಂಬ ಪ್ರೋಟೀನ್. ಇಲ್ಲಿ ಮಣಿಗಳು ಅಮೈನೋ ಆಮ್ಲಗಳು, 20 ಬಗೆಯವು. ಇಷ್ಟು ಬಗೆ ಇರುವುದರಿಂದಲೇ ಪ್ರೋಟೀನಿಗೆ ಮೈತುಂಬ ಕೆಲಸ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಚರ್ಮ ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್, ಆಗ ಹೇಳಿದ ಎಂಜಲಿನ ಕತ್ತರಿ, ಎಲ್ಲ ಪ್ರೋಟೀನೇ. ಆದರೆ ಪೋಣಿಸುವಾಗ ಎಡವಬಾರದು. ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ 146 ಮಣಿಗಳಿವೆ. ಆರನೆಯದೊಂದು ಅದಲುಬದಲಾದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮಣಿಗೆ ಇಷ್ಟು ಶಿಕ್ಷೆ ಜಾಸ್ತಿಯಾಯಿತು, ಅಲ್ವಾ? ಕೂದಲಿನ ಕಥೆ ಇಷ್ಟು ಗಂಭೀರವಲ್ಲ. ಅದರ ಸರಗಳ ನಡುವೆ ಗಂಧಕದ ಗಟ್ಟಿ ಕೊಂಡಿಗಳಿವೆ, ಸುಟ್ಟಾಗ ಆ ಕಮಟು ವಾಸನೆ ಅದರಿಂದಲೇ. ಜೊತೆಗೆ ನೀರು ತಾಗಿದರೆ ಬಿಟ್ಟುಕೊಳ್ಳುವ ಸಡಿಲ ಕೊಂಡಿಗಳೂ ಇವೆ. ಒದ್ದೆ ತಲೆಯಲ್ಲಿ ಮಲಗಿದರೆ ಅವು ದಿಂಬಿನ ಆಕಾರಕ್ಕೇ ಮತ್ತೆ ಗಂಟು ಹಾಕಿಕೊಳ್ಳುತ್ತವೆ. ಬೆಳಗ್ಗೆ ಬಾಚಣಿಗೆಗೆ ಬಗ್ಗದ ಆ ಜುಟ್ಟು ಬರುವುದು ಹೀಗೆ.

ಜಿಡ್ಡಿನ ಬಗ್ಗೆ ಜಾಸ್ತಿ ಹೇಳಲಾರೆ. ಕೊಬ್ಬಿನ ಅಣು ಮಣಿಸರವೇ ಅಲ್ಲ, ಗಾತ್ರವೂ ಅಂಥದ್ದೇನಲ್ಲ. ಆದರೂ ಪಠ್ಯಪುಸ್ತಕದವರು ದೊಡ್ಡವರ ಸಾಲಿನಲ್ಲೇ ಕೂರಿಸಿದ್ದಾರೆ. ಇರಲಿ, ಯೋಗ್ಯತೆ ಇದೆ. ಗ್ರಾಮಿಗೆ ಸಕ್ಕರೆ 4 ಕ್ಯಾಲೊರಿ ಕೊಟ್ಟರೆ ಇದು 9 ಕೊಡುತ್ತದೆ. ಪ್ರತಿ ಜೀವಕೋಶದ ಸುತ್ತ ಬೇಲಿ ಹಾಕಿರುವುದೂ ಈ ಜಾತಿಯದ್ದೇ.

ಡಿಎನ್‌ಎ ಕಣ್ಣಿಗೆ ಕಾಣುವುದಿಲ್ಲ. ಕೂದಲಿನ ಬುಡದಲ್ಲಿ ಬಿಳಿ ಚುಕ್ಕೆ ಇದ್ದರೆ ಅದರೊಳಗೆ ಇರುತ್ತದೆ. ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಸುಮಾರು 2 ಮೀಟರ್, ನನಗಿಂತ ಉದ್ದ. ಯಾವ ಪ್ರೋಟೀನಿನಲ್ಲಿ ಯಾವ ಮಣಿ ಎಲ್ಲಿ ಕೂರಬೇಕು ಎಂಬ ಲೆಕ್ಕ ಅದರಲ್ಲಿದೆ. ಇದು ಮೊದಲು ಸಿಕ್ಕಿದ್ದೂ ಕೊಳೆ ಬಟ್ಟೆಯಲ್ಲೇ! 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ಸ್ವಿಸ್ ಯುವಕ, ಆಸ್ಪತ್ರೆಯವರು ಬಿಸಾಡುತ್ತಿದ್ದ ಕೀವಿನ ಬ್ಯಾಂಡೇಜುಗಳನ್ನು ತರಿಸಿಕೊಂಡು ತೊಳೆದು, ಅದರಿಂದ ಈ ವಸ್ತುವನ್ನು ಬೇರ್ಪಡಿಸಿದ. ನಾನು ಇಷ್ಟು ವರ್ಷ ಬಟ್ಟೆ ಒಗೆದರೂ ಬಕೆಟ್ಟಿನಲ್ಲಿ ಸಿಕ್ಕಿದ್ದು ಗುಂಡಿಗಳು ಮಾತ್ರ.

ಕೊನೆಗೆ ಅಂಗಿಯನ್ನು ನೆನೆಹಾಕಲು ಸೋಪಿನ ಪುಡಿಯ ಪೊಟ್ಟಣ ತೆಗೆದೆ. ಹಿಂದೆ ಸಣ್ಣ ಅಕ್ಷರದಲ್ಲಿ ಕಿಣ್ವಗಳ, ಅಂದರೆ ಇಂಥ ಕತ್ತರಿಗಳ, ಪಟ್ಟಿ. ರಕ್ತ, ಬೆವರಿನ ಪ್ರೋಟೀನಿಗೆ ಪ್ರೋಟಿಯೇಸ್. ಜಿಡ್ಡಿಗೆ ಲೈಪೇಸ್. ಪಿಷ್ಟದ ಕಲೆಗೆ ಅಮೈಲೇಸ್, ನನ್ನ ಎಂಜಲಿನಲ್ಲಿರುವ ಕತ್ತರಿಯ ಬಂಧು. ಕೊನೆಯಲ್ಲಿ ಸೆಲ್ಯುಲೇಸ್. ಹಳೆಯ ಹತ್ತಿ ಬಟ್ಟೆಯ ಮೇಲೆ ಏಳುವ ಜುಂಗನ್ನು ಕಚ್ಚಿ ತೆಗೆಯುವುದು ಅದರ ಕೆಲಸ. ನನ್ನ ಹೊಟ್ಟೆಗೆ ಬಗ್ಗದ ಸಕ್ಕರೆಯನ್ನು ಈ ಪುಡಿ ಒಗೆತಕ್ಕೆ ಒಂದಿಷ್ಟು ತಿನ್ನುತ್ತಿದೆ! ಒಣಗಿದ ಮೇಲೆ ಅಂಗಿಯನ್ನು ಮಡಚುವಾಗ ನೋಡಿದೆ. ಜಿಡ್ಡಿನ ಗೆರೆ ಹೋಗಿತ್ತು. ಕೂದಲು ಮಾತ್ರ ಕಾಲರಿನಲ್ಲಿ ಹಾಗೇ ಇತ್ತು.